ತಲೆಯೊಳಗೊಂದು ಬಾದಾಮಿ

ನಮ್ಮ ಮನೆಯಲ್ಲಿ ಅತ್ತೆಯೂ ಇದ್ದಾರೆ, ಕೊತ್ತಿಯೂ ಇದೆ. ಗಾದೆಗೆ ಬೇಕಾದ ಸಾಮಾನೆಲ್ಲ ಒಂದೇ ಸೂರಿನಡಿ ಸಿಕ್ಕಂತಾಯಿತು. ಇನ್ನು ಕೋಪ. ಅದನ್ನು ನಾನು ತವರಿನಿಂದ ಬರುವಾಗಲೇ ಪಾತ್ರೆಪಡಗದ ಜೊತೆ ಕಟ್ಟಿಕೊಂಡು ಬಂದೆ ಎನ್ನುವುದು ನಮ್ಮ ಯಜಮಾನರ ಅಂಬೋಣ.

ಕಳೆದ ಗುರುವಾರದ ಮಾತು. ಮಧ್ಯಾಹ್ನದ ಊಟಕ್ಕೆ ತಿಳಿಸಾರು ಮಾಡಿದ್ದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ತೆರೆದು, "ಸಾರು ಥೇಟ್ ನಿಮ್ಮಮ್ಮ ಮಾಡಿದ ಹಾಗೇ ಇದೆ ಕಣಮ್ಮ" ಅಂದರು. ಅಷ್ಟೇ. ಆಮೇಲೆ ಇನ್ನೇನಾದರೂ ಅಂದರೋ ಇಲ್ಲವೋ ನನಗೆ ತಿಳಿಯದು. ಸೌಟು ಹಿಡಿದುಕೊಂಡು ಅಲ್ಲೇ ಗರಬಡಿದವಳಂತೆ ನಿಂತಿದ್ದೆ. ಯಾಕೆಂದರೆ ನಮ್ಮಮ್ಮನ ಸಾರಿನ ಬಗ್ಗೆ ಅತ್ತೆಯವರ ಅಭಿಪ್ರಾಯ ಏನೆಂಬುದು ಇಪ್ಪತ್ತೆಂಟು ವರ್ಷಗಳ ಹಿಂದೆ, ಬೀಗರೂಟದ ದಿನವೇ ಜಾಹೀರಾಗಿತ್ತು. "ನಿಮ್ಮ ಕಡೆ ಹುಣಸೇಹಣ್ಣು ಅಗ್ಗವೋ ಏನೋ" ಎಂದು ಅಂದು ಪಂಕ್ತಿಯಲ್ಲೇ ವಿಚಾರಿಸಿದ್ದರು.

ಆ ಒಂದು ವಾಕ್ಯವನ್ನು ನಾನು ಸಂಜೆಯ ತನಕ ಒರಳುಕಲ್ಲಿಗೆ ಹಾಕಿ ರುಬ್ಬಿದೆ. ಹೊಗಳಿದರೋ, ಚುಚ್ಚಿದರೋ? "ಥೇಟ್" ಅಂದದ್ದೇಕೆ? ಕಣ್ಣು ಮುಚ್ಚಿದ್ದು ರುಚಿಗೋ, ಸಹನೆಗೋ? ನಾಲ್ಕು ಗಂಟೆಗೆ ಹಾಲು ಕಾಯಲಿಟ್ಟೆ. ಇಟ್ಟು ಆಚೆ ಹೋಗಲಿಲ್ಲ, ಗಮನಿಸಿ. ಒಲೆಯ ಎದುರೇ ನಿಂತು, ಪಾತ್ರೆಯನ್ನೇ ದಿಟ್ಟಿಸುತ್ತಿದ್ದೆ. ನನ್ನ ಕಣ್ಣೆದುರಿಗೇ ಹಾಲು ಏರಿತು, ಗುಮ್ಮಟ ಕಟ್ಟಿತು, ಉಕ್ಕಿತು, ಹರಿಯಿತು, ಒಲೆ ಆರಿತು. ಸೀದ ವಾಸನೆಗೆ ಯಜಮಾನರು ಹಾಲ್‌ನಿಂದ ಓಡಿಬಂದು, "ಏನೇ, ಹಾಲಿಗೆ ದೃಷ್ಟಿ ತೆಗೀತಿದ್ದೀಯಾ?" ಅಂದರು. ಅವರಿಗೆ ಉತ್ತರ ಕೊಡುವ ಬದಲು, ಕಿಟಕಿಯ ಮೇಲೆ ನಿದ್ದೆ ಮಾಡುತ್ತಿದ್ದ ಕೊತ್ತಿಗೆ, "ಹೋಗು ಆಚೆ, ಎಲ್ಲ ನಿನ್ನಿಂದಲೇ" ಎಂದು ಒರೆಸುವ ಬಟ್ಟೆ ಬೀಸಿದೆ. ಗಾದೆ ನೆರವೇರಿತು. ಅಲ್ಲಿಗೂ ಮುಗಿಯಲಿಲ್ಲ. ಡಬ್ಬಿಯಲ್ಲಿ ಬೆಳಿಗ್ಗೆ ಹದಿನಾಲ್ಕು ಕೋಡುಬಳೆ ಇದ್ದವು. ರಾತ್ರಿ ನೋಡಿದರೆ ಮೂರು. ನನ್ನ ಡಯಟ್ಟಿನ ಒಂಬತ್ತನೆಯ ದಿನ ಅದು.

ಮಗಳು ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಾಳೆ. ರಜೆಗೆ ಬಂದವಳು ಎಲ್ಲವನ್ನೂ ಸೋಫಾದ ಮೇಲೆ ಕಾಲು ಮಡಚಿ ಕೂತು ಕೇಳಿ, "ಅಮ್ಮ, ಇದರಲ್ಲಿ ನಿನ್ನ ತಪ್ಪೇನಿಲ್ಲ. ನಿನ್ನ ಅಮಿಗ್ಡಲಾ ಕೆಲಸ ಇದು" ಅಂದಳು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಈ ಮನೆಯಲ್ಲಿ "ನಿನ್ನ ತಪ್ಪೇನಿಲ್ಲ" ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಹಾಗಾಗಿ ಮುಂದಿನದನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡೆ.

ಅಮಿಗ್ಡಲಾ ಅಂದರೆ ಗ್ರೀಕರ ಮಾತಿನಲ್ಲಿ ಬಾದಾಮಿ. ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಆಕಾರದ ಎರಡು ನರಗುಚ್ಛಗಳಿವೆ. ಅದಕ್ಕೇ ಆ ಹೆಸರು. ಇಲ್ಲಿ ನನಗೊಂದು ಅನುಮಾನ ಬಂತು. ಮಿದುಳು ಚುರುಕಾಗಲಿ ಎಂದು ದಿನಾ ರಾತ್ರಿ ಐದು ಬಾದಾಮಿ ನೆನೆಹಾಕಿ ಬೆಳಿಗ್ಗೆ ಸಿಪ್ಪೆ ಸುಲಿದು ತಿನ್ನುತ್ತೇವಲ್ಲ, ಅದೆಲ್ಲ ಸಿಟ್ಟಿನ ಬಾದಾಮಿಗೇ ಹೋಗಿ ಸೇರುತ್ತಿದೆಯೋ ಹೇಗೆ? ಮಗಳು ಅದಕ್ಕೆ ಉತ್ತರಿಸುವ ಯೋಗ್ಯತೆ ತನಗಿಲ್ಲ ಎಂದಳು.

ಈ ಬಾದಾಮಿಯ ಕೆಲಸ ಬಾಗಿಲು ಕಾಯುವುದು. ಬಂದದ್ದು ನಮಗೆ ಮುಖ್ಯವೋ ಅಲ್ಲವೋ, ಅಪಾಯವೋ ಅಲ್ಲವೋ ಎಂದು ನೋಡಿ ಕೂಗುಹಾಕುವುದು. ಕೂಗಿದರೆ ಗುಂಡಿಗೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜೋಸೆಫ್ ಲೆಡೂ ಎಂಬವರು ಇಲಿಗಳನ್ನಿಟ್ಟುಕೊಂಡು ವರ್ಷಗಟ್ಟಲೆ ಇದನ್ನೇ ನೋಡಿದರು. ಸುದ್ದಿ ಬಾದಾಮಿಗೆ ತಲುಪಲು ಎರಡು ದಾರಿ: ಒಂದು ಮಿದುಳಿನ ಮೇಲ್ಪದರವನ್ನೆಲ್ಲ ಸುತ್ತಿ, ವಿಚಾರಣೆ ಮುಗಿಸಿಕೊಂಡು ಬರುವ ಹೆದ್ದಾರಿ; ಇನ್ನೊಂದು ಸೀದಾ ನುಗ್ಗುವ ಒಳದಾರಿ. ಒಳದಾರಿಯಲ್ಲಿ ಬಂದ ಸುದ್ದಿ ಅರೆಬೆಂದದ್ದು, ಆದರೆ ಬೇಗ ಬರುತ್ತದೆ. ಕಾಲಿನ ಬಳಿ ಸುರುಳಿ ಕಂಡೊಡನೆ ಹಾರುತ್ತೇವೆ, ಹಗ್ಗವೋ ಹಾವೋ ಎಂಬ ವಿಚಾರಣೆ ಆಮೇಲೆ. ಲೆಡೂ ಇದನ್ನೆಲ್ಲ 1996ರಲ್ಲಿ ಪುಸ್ತಕ ಮಾಡಿದರು. ಹಗ್ಗ-ಹಾವಿನ ಉಪಮೆ ಎತ್ತಿದೊಡನೆ ನಮ್ಮ ಅತ್ತೆ ಜಪದ ಮಣೆಯಿಂದಲೇ "ಅದು ಶಂಕರಾಚಾರ್ಯರದ್ದಲ್ಲವೇನೇ?" ಎಂದರು. ಅತ್ತೆಯ ಕಿವಿ ಮಂದ ಎಂದು ನಂಬಿಕೊಂಡಿದ್ದ ನನ್ನ ಬಾದಾಮಿ ಮತ್ತೊಮ್ಮೆ ಕೂಗುಹಾಕಿತು. "ಭಯದ ಕೇಂದ್ರ ಅಂತ ಮಾತ್ರ ಬರೀಬೇಡ ಅಮ್ಮ, ಲೆಡೂನೇ ಈಗ ಹಾಗೆ ಕರೀಬೇಡಿ ಅಂತಾರೆ" ಎಂದು ಮಗಳು ಎಚ್ಚರಿಸಿದಳು. ಬರೆದಿಲ್ಲ.

ಬಾಗಿಲಲ್ಲಿ ಕೂಗುವವರಿದ್ದ ಮೇಲೆ ಒಳಗೆ "ಯಾರದು, ಸುಮ್ಮನಿರು, ಪೋಸ್ಟ್‌ಮ್ಯಾನ್ ಬಂದಿದ್ದಾನೆ" ಎನ್ನುವ ಹಿರಿಯರೂ ಬೇಕಲ್ಲ? ಅವರು ಇರುವುದು ಹಣೆಯ ಹಿಂದೆ. ಪ್ರೀಫ್ರಂಟಲ್ ಕಾರ್ಟೆಕ್ಸ್ ಎಂದು ಹೆಸರು. ಗಮನವನ್ನು ಹಿಡಿದಿಡುವುದು, ನಾಲಿಗೆ ಕಚ್ಚಿಕೊಳ್ಳುವುದು, ಹನ್ನೆರಡನೆಯ ಕೋಡುಬಳೆಗೆ ಕೈ ಹೋಗುವಾಗ ತಡೆಯುವುದು, ಒಲೆಯ ಮೇಲೆ ಹಾಲಿದೆ ಎಂಬುದನ್ನು ನೆನಪಿನ ಮುಂಬಾಗಿಲಲ್ಲಿ ಇಟ್ಟುಕೊಳ್ಳುವುದು, ಎಲ್ಲ ಅಲ್ಲಿಂದಲೇ. ಹಣೆಬರಹವನ್ನು ಹಣೆಯ ಮೇಲೆ ಹುಡುಕಿದ್ದು ನಮ್ಮ ಹಿರಿಯರ ಸಣ್ಣ ತಪ್ಪು. ಅದು ಒಳಮೈಯಲ್ಲಿತ್ತು.

ಈಗ ತಮಾಷೆ ನೋಡಿ. ಬಾದಾಮಿ ಜೋರಾಗಿ ಕೂಗಿದರೆ ಈ ಹಿರಿಯರು ಎದ್ದು ಬಂದು ಗದರಬೇಕು. ಅವರು ಕಂಬಳಿ ಹೊದ್ದು ಮಲಗಿಬಿಡುತ್ತಾರೆ! ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟೆನ್ ಎಂಬ ವಿಜ್ಞಾನಿ ಇಲಿ, ಮಂಗಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿ ಕಂಡುಕೊಂಡದ್ದು ಇದನ್ನೇ. ಒತ್ತಡದಲ್ಲಿ ನೋರ್‌ಅಡ್ರಿನಲಿನ್, ಡೋಪಮೈನ್ ಎಂಬ ರಾಸಾಯನಿಕಗಳು ಮಿದುಳಿನಲ್ಲಿ ಉಕ್ಕುತ್ತವೆ. ಸ್ವಲ್ಪ ಇದ್ದರೆ ಹಣೆಯ ಹಿಂದಿನ ನರಜಾಲ ಗಟ್ಟಿಯಾಗಿ, ಬುದ್ಧಿ ಚುರುಕಾಗುತ್ತದೆ. ಮಿತಿಮೀರಿದರೆ ಅದೇ ಜಾಲದ ನರಗಳು ಒಂದರೊಡನೊಂದು ಮಾತು ನಿಲ್ಲಿಸುತ್ತವೆ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಅನ್ನುತ್ತೇವಲ್ಲ, ಆ ಮಂಗಕ್ಕೂ ಇಂಗು ಚಿಟಿಕೆಯಷ್ಟೇ ಇರಬೇಕು. ಮುಷ್ಟಿ ಸುರಿದರೆ ಸಾರೂ ಹೋಯಿತು, ಮಂಗವೂ ಹೋಯಿತು. ಅದರಲ್ಲೂ "ಇದು ನನ್ನ ಕೈಯಲ್ಲಿಲ್ಲ" ಎನ್ನಿಸುವ ಒತ್ತಡ ಬಂದರೆ ಹಿರಿಯರು ಬೇಗ ಮಲಗುತ್ತಾರಂತೆ. ಅತ್ತೆಯ ಬಾಯಿಂದ ಮುಂದೇನು ಬರುತ್ತದೆ ಎಂಬುದು ಯಾವ ಸೊಸೆಯ ಕೈಯಲ್ಲಿದೆ, ನೀವೇ ಹೇಳಿ. ಆದರೆ ಇದು ಕೆಟ್ಟುಹೋದ ಯಂತ್ರವಲ್ಲ, ಹಳೆಯ ಏರ್ಪಾಟು. ಹುಲಿ ಎದುರಿಗೆ ನಿಂತಾಗ ಯೋಚನೆ ಮಾಡುತ್ತ ಕೂತವರು ಯಾರೂ ನಮ್ಮ ಪೂರ್ವಜರಾಗಲಿಲ್ಲ. ತೊಂದರೆ ಏನೆಂದರೆ ಹುಲಿಗೆ ಇಟ್ಟ ಏರ್ಪಾಟೇ ಸಾರಿಗೂ ನಡೆಯುತ್ತಿದೆ.

ಇನ್ನು ನಿದ್ದೆ ಕೆಟ್ಟಿದ್ದರಂತೂ ಕೇಳುವುದೇ ಬೇಡ. ಒಂದು ರಾತ್ರಿ ಪೂರ್ತಿ ಎದ್ದಿದ್ದವರಿಗೆ ಮನ ಕಲಕುವ ಚಿತ್ರಗಳನ್ನು ತೋರಿಸಿದಾಗ ಅವರ ಬಾದಾಮಿ, ನಿದ್ದೆ ಮಾಡಿದವರದ್ದಕ್ಕಿಂತ ಶೇಕಡ 60ರಷ್ಟು ಹೆಚ್ಚು ಕೂಗಾಡಿದ್ದು 2007ರ ಒಂದು ಅಮೆರಿಕನ್ ಅಧ್ಯಯನದಲ್ಲಿ ದಾಖಲಾಗಿದೆ. ಯಜಮಾನರ ಗೊರಕೆಯನ್ನು ಈ ಲೆಕ್ಕಕ್ಕೆ ಸೇರಿಸಬಹುದೇ ಎಂದು ಕೇಳಿದೆ. ಅವರು ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿ ಹಿಡಿದರು.

ಸರಿ, ಹಾಲಿನ ಎದುರೇ ನಿಂತಿದ್ದರೂ ಹಾಲು ಕಾಣಲಿಲ್ಲವೇಕೆ? ಇದಕ್ಕೆ ಮಗಳು ಬಂದೂಕಿನ ಕಥೆ ಹೇಳಿದಳು. 1987ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು ಕೆಲವರಿಗೆ ಸ್ಲೈಡ್ ತೋರಿಸಿದರು. ಹೋಟೆಲೊಂದರ ಕ್ಯಾಶ್ ಕೌಂಟರಿನಲ್ಲಿ ಒಬ್ಬ ನಿಂತಿದ್ದಾನೆ. ಅರ್ಧ ಜನಕ್ಕೆ ಅವನ ಕೈಯಲ್ಲಿ ಚೆಕ್ಕು, ಇನ್ನರ್ಧ ಜನಕ್ಕೆ ಬಂದೂಕು. ನೋಡುವವರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಯಂತ್ರ ಅಳೆಯಿತು. ಬಂದೂಕು ಕಂಡವರ ಕಣ್ಣು ಮತ್ತೆ ಮತ್ತೆ ಬಂದೂಕಿಗೇ ಹೋಗುತ್ತಿತ್ತು. ಆಮೇಲೆ "ಇವರಲ್ಲಿ ಅವನು ಯಾರು?" ಎಂದು ಫೋಟೋಗಳನ್ನಿಟ್ಟು ಕೇಳಿದರೆ, ಚೆಕ್ಕು ನೋಡಿದವರಿಗಿಂತ ಬಂದೂಕು ನೋಡಿದವರು ಹೆಚ್ಚು ತಡವರಿಸಿದರು. ಹೆದರಿಕೆ ಬಂದಾಗ ಗಮನ ಕುರುಡಾಗುವುದಿಲ್ಲ, ಟಾರ್ಚಿನ ಬೆಳಕಿನ ಹಾಗೆ ಒಂದೇ ಕಡೆ ಬೀಳುತ್ತದೆ. ಸುತ್ತ ಕತ್ತಲು. ನನ್ನ ಟಾರ್ಚು "ಥೇಟ್" ಎಂಬ ಪದದ ಮೇಲಿತ್ತು. ಪಾಪ ಹಾಲು ಕತ್ತಲಲ್ಲಿ ಉಕ್ಕಿತು.

ಇಷ್ಟು ಹೇಳಿ ಸುಮ್ಮನಿದ್ದರೆ ಅವಳು ನನ್ನ ಮಗಳೇ ಅಲ್ಲ. ಸಂಜೆ ಸ್ಕೆಚ್ ಪೆನ್ನಿನ ಡಬ್ಬಿ ತಂದು ಮನೆಮಂದಿಯನ್ನೆಲ್ಲ ಸಾಲಾಗಿ ಕೂರಿಸಿದಳು. ಜಾನ್ ರಿಡ್ಲಿ ಸ್ಟ್ರೂಪ್ ಎಂಬವರು 1935ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ. "ಕೆಂಪು" ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದಿರುತ್ತದೆ. ನೀವು ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ಹೇಳಿ ನೋಡಿ, ನಾಲಿಗೆ ತೊಡರುತ್ತದೆ. ಓದುವುದು ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ತಡೆಯಲು ಹಣೆಯ ಹಿಂದಿನ ಹಿರಿಯರು ಬೆವರು ಸುರಿಸಬೇಕು. ಇದರದ್ದೇ ಇನ್ನೊಂದು ರೂಪದಲ್ಲಿ ಬಣ್ಣದ ಹೆಸರಿನ ಬದಲು ಮನಸ್ಸಿಗೆ ತಾಗುವ ಪದಗಳಿರುತ್ತವೆ. ಜೇಡ ಕಂಡರೆ ಜೀವ ಬಿಡುವವರು ಜೇಡಕ್ಕೆ ಸಂಬಂಧಪಟ್ಟ ಪದದ ಬಣ್ಣ ಹೇಳಲು ಬೇರೆಯವರಿಗಿಂತ ತಡಮಾಡುತ್ತಾರೆ. ಪದದ ಅರ್ಥ ಗಮನದ ಸೆರಗು ಹಿಡಿದು ಎಳೆಯುತ್ತದೆ.

ಮಗಳು ನನಗಾಗಿ ಬರೆದ ಪಟ್ಟಿ: ಮೇಜು, ಕೊಡೆ, ಕಿಟಕಿ, ಸಾರು, ಚಾಪೆ. ಮೇಜು ನೀಲಿ, ಕೊಡೆ ಹಸಿರು, ಕಿಟಕಿ ಕೆಂಪು ಎಂದು ಕುದುರೆಯಂತೆ ಓಡುತ್ತಿದ್ದವಳು ನಾಲ್ಕನೆಯದಕ್ಕೆ ಬಂದು ನಿಂತೆ. ಬಣ್ಣ ಹೇಳುವ ಬದಲು "ಅದಕ್ಕೆ ಹುಣಸೇಹಣ್ಣು ಹೆಚ್ಚೇನೂ ಹಾಕಿರಲಿಲ್ಲ" ಎಂದುಬಿಟ್ಟೆ. ಯಜಮಾನರು ನಕ್ಕರು. ಅವರ ಪಟ್ಟಿಯಲ್ಲಿ "ಶೇರು ಮಾರುಕಟ್ಟೆ" ಎಂದು ಹಳದಿ ಬಣ್ಣದಲ್ಲಿ ಬರೆದಿತ್ತು. ಅವರು "ಕೆಂಪು" ಅಂದರು. ಪೂರ್ತಿ ಅಂಕ ಗಳಿಸಿದ್ದು ಅತ್ತೆ ಒಬ್ಬರೇ. ಪಟಪಟನೆ ಎಲ್ಲ ಬಣ್ಣವನ್ನೂ ಹೇಳಿದರು. ಎಂಬತ್ತೊಂದರ ವಯಸ್ಸಿನಲ್ಲಿ ಇಂಥ ಆತ್ಮಸಂಯಮವೇ ಎಂದು ಮಗಳು ಬೆರಗಾದಳು. ಅತ್ತೆ, "ಅಕ್ಷರ ಬೇರೆ ಇತ್ತೇನೇ ಅದರಲ್ಲಿ? ಕನ್ನಡಕ ದೇವರಮನೇಲಿದೆ" ಎಂದರು. ಓದಲಾಗದವರಿಗೆ ಈ ತೊಡಕೇ ಇಲ್ಲ ಎಂಬುದೂ ವಿಜ್ಞಾನವೇ.

ಇನ್ನು ಕೋಡುಬಳೆ. ಇದರ ಬಗ್ಗೆ ನಿಧಾನವಾಗಿ ಮಾತಾಡಬೇಕು, ಹನ್ನೊಂದು ಜೀವಗಳ ಪ್ರಶ್ನೆ.

ಬಹಳ ಕಾಲ ಎಲ್ಲರೂ ನಂಬಿದ್ದ ಸಿದ್ಧಾಂತವೊಂದಿತ್ತು: ಸಂಯಮ ಎಂಬುದು ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರಿದ್ದ ಹಾಗೆ, ಬಳಸಿದಷ್ಟೂ ಖಾಲಿ. 1998ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಘಮಘಮಿಸುವ ಬಿಸ್ಕತ್ತನ್ನೂ ಮೂಲಂಗಿಯನ್ನೂ ಎದುರಿಗಿಟ್ಟು, ಕೆಲವು ವಿದ್ಯಾರ್ಥಿಗಳಿಗೆ ಮೂಲಂಗಿ ಮಾತ್ರ ತಿನ್ನಿ ಎಂದರು. ಹಾಗೆ ಆಸೆ ತಡೆದವರು ಆಮೇಲೆ ಕೊಟ್ಟ ಒಗಟನ್ನು ಬೇಗ ಕೈಬಿಟ್ಟರು. ಟ್ಯಾಂಕು ಬರಿದಾಯಿತು ಎಂದು ತೀರ್ಮಾನ. ಪುಸ್ತಕಗಳು ಬಂದವು, ಭಾಷಣಗಳಾದವು. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಈ ಸಿದ್ಧಾಂತವನ್ನು ಮತ್ತೆ ಪರೀಕ್ಷಿಸಿದರೆ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ನನ್ನನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ. ಹಸಿ ಮೂಲಂಗಿ ತಿನ್ನಿಸಿದ ಮೇಲೆ ಯಾರು ತಾನೆ ಒಗಟು ಬಿಡಿಸುತ್ತಾರೆ? ಹುಳಿ ಮಾಡಿ ಬಡಿಸಿದ್ದರೆ ಬಿಡಿಸುತ್ತಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ಡಯಾನ್ ಟೈಸ್ ಎಂಬಾಕೆ ಸಂಗಡಿಗರೊಡನೆ 2001ರಲ್ಲಿ ಪ್ರಕಟಿಸಿದ ಪ್ರಯೋಗ. ಮನಸ್ಸು ಕೆಟ್ಟಿದ್ದವರ ಮುಂದೆ ಕುರುಕುಲು ತಿಂಡಿ ಇಟ್ಟರು. ನಿರೀಕ್ಷೆಯಂತೆ ಬೇರೆಯವರಿಗಿಂತ ಹೆಚ್ಚು ಮೆದ್ದರು. ಆದರೆ ಮನಸ್ಸು ಕೆಟ್ಟ ಇನ್ನು ಕೆಲವರಿಗೆ ಮೊದಲೇ ಒಂದು ಮಾತ್ರೆ ಕೊಟ್ಟು, "ಇದರಿಂದ ನಿಮ್ಮ ಮನಃಸ್ಥಿತಿ ಸ್ವಲ್ಪ ಹೊತ್ತು ಈಗಿರುವಂತೆಯೇ ಹೆಪ್ಪುಗಟ್ಟಿರುತ್ತದೆ, ಏನು ಮಾಡಿದರೂ ಬದಲಾಗದು" ಎಂದಿದ್ದರು. ಮಾತ್ರೆ ಬರೀ ನೆಪ. ಅವರು ಹೆಚ್ಚು ತಿನ್ನಲೇ ಇಲ್ಲ! ತಿಂದರೂ ಮನಸ್ಸು ತಿಳಿಯಾಗುವುದಿಲ್ಲ ಎಂದಾದರೆ ತಿನ್ನುವುದೇಕೆ? ಅಂದರೆ ನನ್ನ ಬ್ರೇಕು ಕಿತ್ತುಹೋಗಿರಲಿಲ್ಲ. ಮೊದಲು ಈ ಉರಿ ಆರಲಿ, ಸೊಂಟದ ಸುತ್ತಳತೆ ಆಮೇಲೆ ನೋಡಿಕೊಳ್ಳೋಣ ಎಂದು ಒಳಗಿನ ಯಾರೋ ಕಾರ್ಯಸೂಚಿಯನ್ನೇ ತಿದ್ದಿದ್ದರು. ಹನ್ನೊಂದು ಕೋಡುಬಳೆಯೂ ಔಷಧಿಯ ಲೆಕ್ಕದಲ್ಲೇ ಹೋಗಿದ್ದವು. ಉರಿ ಆರಿತೇ ಎಂದು ಕೇಳಬೇಡಿ. ಕೋಡುಬಳೆಗೆ ಖಾರ ಸ್ವಲ್ಪ ಮುಂದಾಗಿತ್ತು.

ಸಿಟ್ಟಿಗೆ ಕೋಡುಬಳೆಯಾದರೆ ದುಃಖಕ್ಕೆ ಸೀರೆ. ದುಃಖದ ಸಿನಿಮಾ ತುಣುಕು ನೋಡಿದವರು ಒಂದು ಸಾಧಾರಣ ನೀರಿನ ಬಾಟಲಿಗೆ, ನೋಡದವರಿಗಿಂತ ನಾಲ್ಕು ಪಟ್ಟಿನಷ್ಟು ಬೆಲೆ ಕೊಡಲು ಸಿದ್ಧರಿದ್ದರು ಎಂದು 2008ರ ಅಧ್ಯಯನವೊಂದು ಹೇಳುತ್ತದೆ. ಇದನ್ನು ಯಜಮಾನರ ಮುಂದೆ ಹೇಳಬಾರದಿತ್ತು. ಕಳೆದ ಶ್ರಾವಣದಲ್ಲಿ ಕೊಂಡ ರೇಷ್ಮೆ ಸೀರೆಯ ಹಿಂದಿನ ದಿನ ನಾವು ಯಾವ ಸಿನಿಮಾ ನೋಡಿದ್ದೆವೆಂದು ಇನ್ನೂ ಲೆಕ್ಕ ಹಾಕುತ್ತಿದ್ದಾರೆ.

ಅವರದ್ದೂ ಒಂದು ಸಿದ್ಧಾಂತವಿದೆ. "ಒಳಗಿಟ್ಟುಕೋಬಾರದು ಕಣೇ, ಸಿಟ್ಟನ್ನ ಹೊರಗೆ ಹಾಕಿಬಿಡಬೇಕು. ಪ್ರೆಶರ್ ಕುಕ್ಕರ್ ನೋಡು." ಬ್ಯಾಂಕಿನಲ್ಲಿದ್ದಷ್ಟು ದಿನ ಅವರು ಸಿಟ್ಟನ್ನು ಹೊರಗೆ ಹಾಕುತ್ತಿದ್ದುದು ಮನೆಗೆ ಬಂದ ಮೇಲೆ, ಮ್ಯಾನೇಜರರ ಎದುರಲ್ಲ. ಬಡವನ ಕೋಪ ದವಡೆಗೆ ಮೂಲ ಎಂಬುದು ಹಣೆಯ ಹಿಂದಿನವರಿಗೆ ಆಗ ಚೆನ್ನಾಗಿ ನೆನಪಿರುತ್ತಿತ್ತು. ನಾನೂ ಕುಕ್ಕರ್ ಸಿದ್ಧಾಂತವನ್ನು ನಂಬಿ, ಮನಸ್ಸು ಕೆಟ್ಟಾಗ ಪಾತ್ರೆ ಕುಕ್ಕುತ್ತ ಬಂದವಳು. ಹಿತ್ತಾಳೆ, ಸ್ಟೀಲು, ಅಲ್ಯುಮಿನಿಯಂ ಮೂರರಲ್ಲೂ ನನಗೆ ಕೈ ಪಳಗಿದೆ. ಅಯೋವಾದ ಬ್ರ್ಯಾಡ್ ಬುಶ್ಮನ್ 2002ರಲ್ಲಿ ಇದಕ್ಕೂ ಕಲ್ಲು ಹಾಕಿದ್ದಾರೆ. 600 ವಿದ್ಯಾರ್ಥಿಗಳ ಪ್ರಬಂಧಗಳನ್ನು ಕೆಟ್ಟದಾಗಿ ತೆಗಳಿ ಮೊದಲು ರೇಗಿಸಿದರು. ಕೆಲವರು ತೆಗಳಿದವನನ್ನು ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದರು, ಕೆಲವರು ವ್ಯಾಯಾಮವೆಂದುಕೊಂಡು ಗುದ್ದಿದರು, ಕೆಲವರು ಸುಮ್ಮನೆ ಕೂತರು. ಕೊನೆಗೆ ಸಿಟ್ಟು ಹೆಚ್ಚು ಉಳಿದದ್ದು ವೈರಿಯನ್ನು ನೆನೆದು ಗುದ್ದಿದವರಲ್ಲಿ. ಎದುರಾಳಿಯ ಕಿವಿಗೆ ಕರ್ಕಶ ಸದ್ದು ಕೇಳಿಸುವ ಅವಕಾಶ ಕೊಟ್ಟಾಗ ಕಡಿಮೆ ಕಾಟ ಕೊಟ್ಟವರು ಸುಮ್ಮನೆ ಕೂತವರು. ಇಷ್ಟು ವರ್ಷ ನಾನು ಜಜ್ಜಿದ ಪಾತ್ರೆಗಳ ಲೆಕ್ಕ ಯಾರಿಗೆ ಕೊಡಲಿ?

"ಹಾಗಾದರೆ ಏನು ಮಾಡಬೇಕೇ ತಾಯಿ?" ಎಂದು ಮಗಳನ್ನು ಕೇಳಿದೆ. "ಹೆಸರು ಹೇಳು" ಅಂದಳು. "ಅತ್ತೆ" ಎಂದೆ, ಮೆಲ್ಲಗೆ. ಅದಲ್ಲವಂತೆ. ಲಾಸ್ ಏಂಜಲೀಸ್‌ನ ಮ್ಯಾಥ್ಯೂ ಲೀಬರ್ಮನ್ ತಂಡ 2007ರಲ್ಲಿ ಪ್ರಕಟಿಸಿದ್ದು ಇದು. ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿದರು. ಆ ಮುಖಕ್ಕೆ ಒಪ್ಪುವ ಗಂಡಸಿನ ಅಥವಾ ಹೆಂಗಸಿನ ಹೆಸರನ್ನು ಆರಿಸಿದಾಗ ಬಾದಾಮಿಯ ಗದ್ದಲ ಅಷ್ಟಾಗಿ ತಗ್ಗಲಿಲ್ಲ. ಮುಖದಲ್ಲಿರುವ ಭಾವದ ಹೆಸರನ್ನು, ಸಿಟ್ಟು ಎಂದೋ ಭಯ ಎಂದೋ ಆರಿಸಿದಾಗ ತಗ್ಗಿತು. ಜೊತೆಗೆ ಹಣೆಯ ಹಿಂದೆ ಬಲಬದಿಯ ಒಂದು ಭಾಗ ಎಚ್ಚರವಾಯಿತು. ಆಳಿನ ಹೆಸರಲ್ಲ, ಅಳಲಿನ ಹೆಸರು ಬೇಕು.

ಭಾವದ ಹೆಸರಿಗೆ ಕನ್ನಡದಲ್ಲಿ ಬಡತನವೇ? ಸಿಟ್ಟು ಎಂಬುದು ಒಲೆಯ ಮೇಲಿನ ಹಾಲು, ಉಕ್ಕುತ್ತದೆ, ಇಳಿಯುತ್ತದೆ. ಸಿಡುಕು ಒಗ್ಗರಣೆ ಸಾಸಿವೆ, ಯಾರ ಮೇಲೆ ಸಿಡಿಯುತ್ತದೆಂದು ಅದಕ್ಕೇ ತಿಳಿಯದು. ಸೆಡವು ಅಂದರೆ ತಿರುಗಿ ಕೂತ ಬೆನ್ನು. ಮುನಿಸನ್ನು ಬೇಕಾದವರ ಮೇಲಷ್ಟೇ ಮಾಡಲು ಸಾಧ್ಯ, ಒಲಿಸುವವರು ಇಲ್ಲದಿದ್ದರೆ ಅದು ವ್ಯರ್ಥ. ಕಸಿವಿಸಿ, ತಳಮಳ, ಬೇಗುದಿ, ಹೊಟ್ಟೆಕಿಚ್ಚು ಒಂದೊಂದೂ ಬೇರೆ ಬೇರೆ ಡಬ್ಬಿ. ನಾನು ಒಂದೊಂದನ್ನೇ ಮುಚ್ಚಳ ತೆಗೆದು ಮೂಸಿದೆ. ಸಿಟ್ಟಲ್ಲ. ಸೆಡವೂ ಅಲ್ಲ. ಕೊನೆಗೆ ಸಿಕ್ಕಿತು: ಪಿಚ್ಚೆನ್ನಿಸಿತ್ತು. ಅತ್ತೆ ಹೊಗಳಿದ್ದರೆ ಹೊಗಳಿಕೆ ನಮ್ಮಮ್ಮನಿಗೆ, ತೆಗಳಿದ್ದರೆ ತೆಗಳಿಕೆಯೂ ನಮ್ಮಮ್ಮನಿಗೆ. ಇಪ್ಪತ್ತೆಂಟು ವರ್ಷದಿಂದ ಈ ಮನೆಯ ಒಲೆಯ ಮುಂದೆ ನಿಂತ ನಾನು ಆ ಸಾರಿನಲ್ಲಿ ಎಲ್ಲೂ ಇರಲಿಲ್ಲ. ಪಿಚ್ಚು ಎಂಬ ಮೂರು ಕಾಸಿನ ಪದ ಸಿಕ್ಕಿದ್ದೇ ತಡ, ಎದೆ ಹಗುರಾಯಿತು. ಬಾದಾಮಿ ಬಾಯಿ ಮುಚ್ಚಿತೋ, ಹಿರಿಯರು ಕಂಬಳಿ ಸರಿಸಿ ಎದ್ದರೋ, ಸ್ಕ್ಯಾನರಿಲ್ಲದೆ ಹೇಳಲಾರೆ. ಉಳಿದ ಮೂರು ಕೋಡುಬಳೆ ಮಾತ್ರ ಮರುದಿನವೂ ಡಬ್ಬಿಯಲ್ಲೇ ಇದ್ದವು. ಕೊತ್ತಿಗೆ ಸಂಜೆ ಒಂದು ಬಟ್ಟಲು ಹಾಲು ಜಾಸ್ತಿ ಇಟ್ಟೆ. ಅದು ಹಳೆಯದನ್ನೆಲ್ಲ ಮರೆತಂತೆ ಕುಡಿಯಿತು. ಮುನಿಸು ಅದರ ನಿಘಂಟಿನಲ್ಲಿಲ್ಲ.

ಭಾನುವಾರ ಧೈರ್ಯ ಮಾಡಿ ಅತ್ತೆಯನ್ನೇ ಕೇಳಿದೆ. "ಅತ್ತೆ, ಮೊನ್ನೆ ಸಾರು ನಮ್ಮಮ್ಮನ ಸಾರಿನ ಹಾಗಿದೆ ಅಂದಿರಲ್ಲ, ಏನು ಅದರರ್ಥ?"

ಅತ್ತೆ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಚೆನ್ನಾಗಿತ್ತು ಅಂತ ಕಣಮ್ಮ. ಇನ್ನೊಂದು ಸೌಟು ಹಾಕು ಅಂತ ತಟ್ಟೆ ಮುಂದಕ್ಕೆ ಹಿಡಿದು ಎಷ್ಟು ಹೊತ್ತು ಕೂತಿದ್ದೆ. ನೀನು ಸೌಟು ಕೈಯಲ್ಲೇ ಹಿಡ್ಕೊಂಡು ಎಲ್ಲೋ ನೋಡ್ತಾ ನಿಂತಿದ್ದೆ. ಸರಿ, ಇವತ್ತು ಸಾರು ಸಾಲದೇನೋ ಅಂತ ಮಜ್ಜಿಗೆ ಅನ್ನ ಕಲಸ್ಕೊಂಡೆ."